ಗಮ್‌ಬೂಟಿನೊಳಗೆ ಸಿಕ್ಕಿಬಿದ್ದ ಹೆಬ್ಬೆರಳು

ಪ್ರಶ್ನೆ: ಡಾಕ್ಟ್ರೇ, ನನಗೆ 52 ವರ್ಷ. ಸೋಮವಾರಪೇಟೆ ಹತ್ತಿರ ಸಣ್ಣ ಕಾಫಿ ತೋಟವಿದೆ. ಬಲಗಾಲಿನ ಹೆಬ್ಬೆರಳ ಬುಡದಲ್ಲಿ ಮೂಳೆ ಗಂಟಿನ ಹಾಗೆ ಉಬ್ಬಿದೆ, ಬೆರಳು ಪಕ್ಕಕ್ಕೆ ವಾಲಿದೆ. ಮಳೆಗಾಲದಲ್ಲಿ ಗಮ್‌ಬೂಟ್ ಹಾಕಿದರೆ ಪ್ರಾಣ ಹೋಗುತ್ತದೆ. ಮಡಿಕೇರಿಯಲ್ಲಿ ತೋರಿಸಿದಾಗ ಬನಿಯನ್ ಅಂದರು, ಬೇಕಾದರೆ ಆಪರೇಷನ್ ಮಾಡಬಹುದಂತೆ. ಮಗ ಆನ್‌ಲೈನಲ್ಲಿ ರಾತ್ರಿ ಕಟ್ಟಿಕೊಳ್ಳುವ ಪಟ್ಟಿ ತರಿಸಿದ್ದಾನೆ. ಅದರಲ್ಲೇ ಬೆರಳು ನೆಟ್ಟಗಾಗುತ್ತದಾ?

ಉತ್ತರ: ಇಲ್ಲಮ್ಮಾ, ಆಗುವುದಿಲ್ಲ. (ಬನಿಯನ್ ಅಂದರೆ ಅಂಗಿಯೊಳಗೆ ಹಾಕುವುದು ಅಲ್ವಾ ಅಂತ ಕೇಳುವವರೂ ಇದ್ದಾರೆ, ಹೆಸರೇ ಹಾಗಿದೆ, ಏನು ಮಾಡೋದು!) ವಾಲಿರುವುದು ಬೆರಳೊಂದೇ ಅಲ್ಲ, ಅದರ ಹಿಂದಿನ ಪಾದದ ಉದ್ದ ಮೂಳೆಯೂ ಇನ್ನೊಂದು ಕಾಲಿನ ಕಡೆಗೆ ಸರಿದಿರುತ್ತದೆ. ದೊಡ್ಡವರಲ್ಲಿ ಪಟ್ಟಿ ಬಿಚ್ಚಿದ ಮೇಲೆ ಎಲ್ಲ ಮೊದಲಿನಂತೆಯೇ.

ಆದರೆ ನೋವು ಬೇರೆ, ಆಕಾರ ಬೇರೆ. ಆಪರೇಷನ್ ಇಲ್ಲದೆ ಆಕಾರ ಸರಿಹೋಗದಿದ್ದರೂ ನೋವು ಎಷ್ಟೋ ಕಡಿಮೆಯಾಗಬಹುದು. ಸಂಜೆ ಪಾದ ಸ್ವಲ್ಪ ಊದಿರುವಾಗ ಕಾಗದದ ಮೇಲೆ ನಿಂತು ಸುತ್ತ ಗೆರೆ ಎಳೆಸಿ, ಅದರ ಮೇಲೆ ನಿಮ್ಮ ಗಮ್‌ಬೂಟ್ ಇಡಿ. ಗೆರೆ ಹೊರಗೆ ಕಾಣಿಸಿದರೆ ಕಳ್ಳ ಸಿಕ್ಕಿಬಿದ್ದ. ಒಂದು ಸೈಜ್ ದೊಡ್ಡದು ಕೊಂಡು ಉದ್ದ ಜಾಸ್ತಿಯಾದರೆ ಸುಮ್ನೆ ಕಾಲು ಜಾರುತ್ತದೆ, ಬೇಕಿರುವುದು ಬೆರಳ ಕಡೆ ಅಗಲ. ಗಂಟಿನ ಮೇಲೆ ಮೆತ್ತನೆ ಪ್ಯಾಡ್, ನೋವಿದ್ದಾಗ ಬಟ್ಟೆಯಲ್ಲಿ ಸುತ್ತಿದ ಐಸ್. ನೋವಿನ ಮಾತ್ರೆ ಡಾಕ್ಟರನ್ನು ಕೇಳಿಯೇ, ಅದೂ ಕೆಲವೇ ದಿನ.

ಆಪರೇಷನ್ ಅಂದರೆ ಗಂಟು ಕೆತ್ತಿ ಹಾಕುವುದಷ್ಟೇ ಅಲ್ಲ, ಸಾಮಾನ್ಯವಾಗಿ ಮೂಳೆ ಕತ್ತರಿಸಿ, ಸರಿಸಿ, ಸ್ಕ್ರೂ ಹಾಕಿ ಕೂರಿಸುತ್ತಾರೆ. ಫಿನ್ಲೆಂಡ್‌ನಲ್ಲಿ 209 ಜನರನ್ನು ಆಪರೇಷನ್, ಬೂಟಿನೊಳಗಿನ ಆಧಾರ, ಸುಮ್ನೆ ಕಾಯುವುದು ಅಂತ ಮೂರು ಗುಂಪು ಮಾಡಿ ನೋಡಿದ್ದರು, 2001ರಲ್ಲಿ ಪ್ರಕಟವಾಯಿತು. ಆರು ತಿಂಗಳಿಗೆ ಬೂಟಿನ ಆಧಾರದಿಂದಲೂ ನೋವು ಇಳಿದಿತ್ತು, ವರ್ಷವಾದಾಗ ಮಾತ್ರ ಆಪರೇಷನ್ನೇ ಮುಂದಿತ್ತು. ಹಾಗಂತ ಓಡಿಹೋಗಬೇಡಿ. ಮೂಳೆ ಕೂಡಲು ಆರೆಂಟು ವಾರ ಬೇಕು, ಊತ ತಿಂಗಳುಗಟ್ಟಲೆ ಉಳಿಯುತ್ತದೆ, ಬಲಗಾಲಾದ್ದರಿಂದ ಜೀಪ್ ಓಡಿಸುವುದೂ ಮೂಳೆ ಕೂಡುವವರೆಗೆ ಬಂದ್. ಕೊಯ್ಲು ಮುಗಿಸಿ ಮಾರ್ಚಿನಲ್ಲಿ ಮಾಡಿಸಿದರೂ ಜೂನ್ ಮಳೆಗೆ ಆ ಕಾಲು ಗಮ್‌ಬೂಟಿಗೆ ಹೊಕ್ಕೀತು ಅನ್ನುವ ನಂಬಿಕೆ ನನಗಿಲ್ಲ. ಬೆರಳು ಬಿಗಿಯಾಗುವುದು, ಜೋಮು, ಗಂಟು ಮತ್ತೆ ಬರುವುದು, ಇವೂ ಉಂಟು.

ನಾನಾದರೆ ಒಂದು ಮಳೆಗಾಲ ಅಗಲದ ಬೂಟಿನಲ್ಲಿ ಕಳೆದು ನೋಡುತ್ತೇನೆ. ಆಮೇಲೂ ದಿನದ ಓಡಾಟಕ್ಕೇ ನೋವಿದ್ದರೆ ಮೂಳೆ ಡಾಕ್ಟರ ಹತ್ತಿರ ಆಪರೇಷನ್ ಮಾತಾಡಿ. ಶುಗರ್ ಇದ್ದು ಗಂಟಿನ ಮೇಲೆ ಹುಣ್ಣಾಗಿದ್ದರೆ ಇಷ್ಟು ಕಾಯಬೇಡಿ, ನಾಳೆಯೇ ತೋರಿಸಿ. ಪಟ್ಟಿಯನ್ನು ವಾಪಸ್ ಕಳಿಸುವ ದಿನ ಮುಗಿದಿಲ್ಲ ಅಂದರೆ ಮಗನಿಗೆ ಹೇಳಿ ಕಳಿಸಿಬಿಡಿ.