ಕೇಳಿದ್ದಕ್ಕೆ ಉತ್ತರ: ಒಳಬಾಗಿದ ಅಲಗಿನ ಮಡಚು ಚಾಕು

ಕೈ ಉಪಕರಣಗಳ ಬಗ್ಗೆ ಮುಂಬೈ, ಪುಣೆ, ಗೋವಾಗಳಿಂದ ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ವಸ್ತುವಿನ ಸುತ್ತ ಇವೆ: ಮೊನೆ ಕೆಳಕ್ಕೆ ಬಾಗಿ, ಬಾಯಿ (ಕೊಯ್ಯುವ ಅಂಚು) ಒಳಕ್ಕೆ ಬಾಗಿರುವ ಮಡಚು ಚಾಕು. ಆಯ್ದ ಪ್ರಶ್ನೆಗಳಿಗೆ ಇಲ್ಲಿ ಉತ್ತರಿಸಿದ್ದೇವೆ.

ಪ್ರಶ್ನೆ: ಮನೆಯಲ್ಲಿ ಅಡುಗೆ ಚಾಕು ಇದೆ, ಕಾಗದದ ಕಟರ್ ಇದೆ. ಗಿಳಿಮೂತಿಯ ಈ ಚಾಕುವಿಗೆ ಹೆಚ್ಚುವರಿ ಕೆಲಸವೇನು? (ಡೊಂಬಿವಲಿ)

ಎಳೆದು ಕೊಯ್ಯುವ ಕೆಲಸ. ನೇರ ಅಲಗಿನಿಂದ ನೈಲಾನ್ ಹಗ್ಗ ಕೊಯ್ಯಲು ಹೋದರೆ ಹಗ್ಗ ಮೊನೆಯ ಕಡೆಗೆ ಜಾರಿ ತಪ್ಪಿಸಿಕೊಳ್ಳುತ್ತದೆ. ಬಾಗಿದ ಅಲಗಿನಲ್ಲಿ ಅದು ಬಾಗಿನ ಹೊಟ್ಟೆಯೊಳಗೆ ಸಿಕ್ಕಿಕೊಳ್ಳುತ್ತದೆ. ಎಳೆದಷ್ಟೂ ಬಾಯಿಗೆ ಒತ್ತುತ್ತದೆ. ಹಲಗೆಯ ಮೇಲೆ ಇಟ್ಟು ಕೊಯ್ಯಲಾಗದ್ದು ಏನಿದ್ದರೂ ಇದಕ್ಕೆ ಸರಿ: ಸುತಲಿ, ಗೋಣಿಚೀಲದ ಹೊಲಿಗೆ, ತೋಟದ ಪೈಪು, ನೆಲಕ್ಕೆ ಹಾಸುವ ಲಿನೋಲಿಯಂ, ಬಾಳೆ ಎಲೆ, ಜೂನ್‌ಗೆ ಮೊದಲು ಮಾಡಿಗೆ ಹೊದಿಸುವ ನೀಲಿ ತಾಡಪತ್ರಿ. ಪೆಟ್ಟಿಗೆಗೆ ಬಿಗಿದ ಪ್ಲಾಸ್ಟಿಕ್ ಪಟ್ಟಿಯನ್ನು ಕೊಯ್ಯುವಾಗ ಮಾತ್ರ ಮುಖ ಪಕ್ಕಕ್ಕಿರಲಿ. ಬಿಗಿತ ಬಿಟ್ಟೊಡನೆ ಪಟ್ಟಿ ಚಿಮ್ಮುತ್ತದೆ, ಆದ್ದರಿಂದ ಒಂದು ತುದಿಯನ್ನು ಇನ್ನೊಂದು ಕೈಯಿಂದ ಒತ್ತಿ ಹಿಡಿದಿರಿ.

ತರಕಾರಿಗೆ ಇದು ಬೇಡ. ಹಲಗೆಗೆ ಮೊನೆಯೊಂದೇ ತಾಗುತ್ತದೆ, ಈರುಳ್ಳಿ ಅರ್ಧ ಕೊಯ್ದು ಅರ್ಧ ಉಳಿಯುತ್ತದೆ. ರಟ್ಟಿನ ಪೆಟ್ಟಿಗೆ ತೆರೆಯಲೂ ನಮ್ಮ ಮತ ಕಟರಿಗೇ. ಅಲಗನ್ನು 5 ಮಿ.ಮೀ. ಮಾತ್ರ ಹೊರಗಿಟ್ಟರೆ ಸಾಕು. ಬಾಗಿದ ಮೊನೆ ರಟ್ಟಿನೊಳಕ್ಕೆ ಆಳವಾಗಿ ಇಳಿದು ಒಳಗಿನ ಸೀರೆಯನ್ನೂ ಸೀಳುತ್ತದೆ.

ಪ್ರಶ್ನೆ: ಕೇಬಲ್‌ನ ಹೊರಪದರ ಸೀಳುವಾಗ ಒಳಗಿನ ವೈರುಗಳಿಗೆ ಗಾಯವಾಗುತ್ತದೆ. ಚಾಕು ಹೊಸದು, ಹರಿತವಾಗಿಯೇ ಇದೆ. (ಪಿಂಪ್ರಿ)

ತೊಂದರೆ ಹರಿತದ್ದಲ್ಲ, ಮೊನೆಯದ್ದು. ಬಾಗಿದ ಚೂಪು ಮೊನೆ ಹೊರಪದರ ದಾಟಿದ ಮೇಲೆ ಒಳಗಿನ ವೈರಿನ ಮೇಲೆಯೇ ಗೀರುತ್ತ ಸಾಗುತ್ತದೆ.

ಮೊದಲು ಎಂಸಿಬಿ (ಬೋರ್ಡಿನಲ್ಲಿ ಕರೆಂಟ್ ಕಡಿಯುವ ಸ್ವಿಚ್) ಇಳಿಸಿ. ಟೆಸ್ಟರ್ ಕೆಲಸ ಮಾಡುತ್ತಿದೆಯೇ ಎಂದು ಕರೆಂಟ್ ಇರುವ ಬೇರೊಂದು ಪಾಯಿಂಟಿನಲ್ಲಿ ನೋಡಿ, ಆಮೇಲೆ ಈ ಕೇಬಲ್ ನೋಡಿ. ತುದಿಯಿಂದ ಬೇಕಾದಷ್ಟು ದೂರದಲ್ಲಿ ಹೊರಪದರದ ಸುತ್ತ ಉಂಗುರದಂತೆ ಗೀರು ಹಾಕಿ. ದಪ್ಪದ ಮೂರರಲ್ಲಿ ಎರಡು ಪಾಲು ಆಳ ಸಾಕು. ಕೇಬಲನ್ನು ಅಲ್ಲೇ ನಾಲ್ಕೂ ಕಡೆ ಬಗ್ಗಿಸಿದರೆ ಗೀರು ತಾನಾಗಿ ಬಾಯಿ ಬಿಡುತ್ತದೆ. ಐದಾರು ಸೆಂ.ಮೀ. ಮಾತ್ರ ಬಿಡಿಸಬೇಕಿದ್ದರೆ ಉದ್ದಕ್ಕೆ ಸೀಳುವುದೇ ಬೇಡ, ಹಿಡಿದೆಳೆದರೆ ಕಳಚಿ ಬರುತ್ತದೆ. ಹೆಚ್ಚು ಉದ್ದ ಬೇಕಾದಾಗ ಮೊನೆಗೆ ನುಣುಪಾದ ಗುಂಡಿ ಅಥವಾ ಪಾದ ಇರುವ ಕೇಬಲ್ ಚಾಕು ಬಳಸಿ. ಆ ಪಾದ ಹೊರಪದರಕ್ಕೂ ವೈರಿಗೂ ನಡುವೆ ಜಾರುತ್ತ ಹೋಗುತ್ತದೆ, ಬಾಯಿ ಮೇಲಿನದನ್ನಷ್ಟೇ ಕೊಯ್ಯುತ್ತದೆ. ಪುಣೆಯ ತಪಕೀರ್ ಗಲ್ಲಿಯಲ್ಲೋ ಮುಂಬೈಯ ಲೋಹಾರ್ ಚಾಳದಲ್ಲೋ ವಿದ್ಯುತ್ ಸಾಮಾನಿನ ಅಂಗಡಿಗಳಲ್ಲಿ ಕೇಳಿ ನೋಡಿ. ಹಿಡಿಯ ಮೇಲೆ 1000 ವೋಲ್ಟ್ ಗುರುತು ಇಲ್ಲದಿದ್ದರೆ ಅದು ಬರೀ ಪ್ಲಾಸ್ಟಿಕ್ ಹಿಡಿ, ಇನ್ಸುಲೇಶನ್ ಎಂದುಕೊಳ್ಳಬೇಡಿ.

ಒಳಗಿನ ಒಂಟಿ ವೈರಿಗೆ ಯಾವ ಚಾಕುವೂ ಬೇಡ, ಸ್ಟ್ರಿಪ್ಪರ್ (ವೈರಿನ ಹೊದಿಕೆ ಸುಲಿಯುವ ಇಕ್ಕಳ) ಬಳಸಿ. ಗೀರು ಬಿದ್ದ ತಾಮ್ರ ಬಗ್ಗಿಸಿದ ಜಾಗದಲ್ಲೇ ಮುರಿಯುತ್ತದೆ.

ಪ್ರಶ್ನೆ: ಮಸೆಗಲ್ಲಿನ ಮೇಲೆ ಎಷ್ಟು ಉಜ್ಜಿದರೂ ನಡುಭಾಗ ಮೊಂಡಾಗಿಯೇ ಉಳಿದಿದೆ, ಮೊನೆ ಮಾತ್ರ ಸವೆದಿದೆ. (ಫೋಂಡಾ)

ಚಪ್ಪಟೆ ಕಲ್ಲಿಗೆ ಒಳಬಾಗಿದ ಬಾಯಿ ಎರಡೇ ಕಡೆ ತಾಗುತ್ತದೆ: ಮೊನೆಗೆ ಮತ್ತು ಬುಡಕ್ಕೆ. ಹಾಗಾಗಿ ಕಲ್ಲು ಎಷ್ಟು ದುಬಾರಿಯದಾದರೂ ನಡುಭಾಗಕ್ಕೆ ಮುಟ್ಟುವುದಿಲ್ಲ. ಬೇಕಾದದ್ದು ಬಾಗಿಗಿಂತ ಸಣ್ಣ ಸುತ್ತಳತೆಯ ದುಂಡು ಕೋಲು. ಸೆರಾಮಿಕ್ ಕೋಲು ಇದ್ದರೆ ಒಳ್ಳೆಯದು. ಇಲ್ಲವೇ 12 ಮಿ.ಮೀ. ದಪ್ಪದ ಮರದ ಕಡ್ಡಿಗೆ ನೀರುಕಾಗದವನ್ನು (ಹಾರ್ಡ್‌ವೇರ್ ಅಂಗಡಿಯ ಕಪ್ಪು ಪಾಲಿಶ್ ಪೇಪರ್) ಬಿಗಿಯಾಗಿ ಸುತ್ತಿ ಎರಡೂ ತುದಿಗೆ ಟೇಪು ಹಾಕಿ.

ಬಾಯಿಯ ಉದ್ದಕ್ಕೂ ಮಾರ್ಕರ್ ಪೆನ್ನಿನಿಂದ ಶಾಯಿ ಬಳಿಯಿರಿ; ಎಲ್ಲಿ ಉಜ್ಜುತ್ತಿದ್ದೀರಿ, ಎಲ್ಲಿ ಇಲ್ಲ ಎಂದು ಅದೇ ತೋರಿಸುತ್ತದೆ. ಅಲಗನ್ನು ಅಲುಗದಂತೆ ಕ್ಲ್ಯಾಂಪಿನಲ್ಲಿ ಬಿಗಿಯಿರಿ. ಕೋನ ಸುಮಾರು 20 ಡಿಗ್ರಿ. ಅಲಗು 20 ಮಿ.ಮೀ. ಅಗಲವಿದ್ದರೆ ಕೋಲಿಗೂ ಬೆನ್ನಿಗೂ ನಡುವೆ 7 ಮಿ.ಮೀ. ಅಂತರ ಬಿಟ್ಟರೆ ಆ ಕೋನ ಸಿಗುತ್ತದೆ. ಕೋಲನ್ನು ಬೆನ್ನಿನ ಕಡೆಯಿಂದ ಬಾಯಿಯ ಕಡೆಗೆ, ಹೊರಕ್ಕೆ ಸರಿಸುತ್ತ ಬುಡದಿಂದ ಮೊನೆಗೆ ಸಾಗಿ. ತಿರುಗುಮುರುಗಾದರೆ ಬಾಯಿ ಕಾಗದವನ್ನೇ ಹೆರೆದು ಹಾಕುತ್ತದೆ, ಕೈಯೂ ಹರಿತದ ಕಡೆಗೇ ಹೋಗುತ್ತದೆ. ತೀರಾ ಮೊಂಡಾಗಿದ್ದರೆ 400ರ ಕಾಗದದಿಂದ (ಸಂಖ್ಯೆ ಹೆಚ್ಚಾದಷ್ಟೂ ಕಾಗದ ನಯ) ಶುರು, ಇಲ್ಲದಿದ್ದರೆ 800, ಕೊನೆಗೆ 1200. ಹತ್ತು ಹನ್ನೆರಡು ಎಳೆತದ ನಂತರ ಹಿಂಬದಿಯನ್ನು ಬೆರಳಿನಿಂದ ಬಾಯಿಗೆ ಅಡ್ಡವಾಗಿ, ಹೊರಕ್ಕೆ ಸವರಿ ನೋಡಿ: ಕೂದಲೆಳೆಯಂಥ ಒರಟು ಅಂಚು ಬುಡದಿಂದ ಮೊನೆವರೆಗೆ ಒಂದೇ ಸಮ ತಗುಲಬೇಕು. ತಗುಲದ ಜಾಗಕ್ಕೆ ಇನ್ನೂ ಕೆಲಸ ಬಾಕಿ ಇದೆ.

ಇಂಥ ಚಾಕುಗಳಲ್ಲಿ ಹಲವಕ್ಕೆ ಒಂದೇ ಬದಿ ಇಳಿಜಾರು. ಹಾಗಿದ್ದರೆ ಇನ್ನೊಂದು ಬದಿಗೆ ಕೋನ ಕೊಡಲೇಬೇಡಿ. 1200ರ ಕಾಗದವನ್ನು ಚಪ್ಪಟೆಯಾಗಿ ತಾಗಿಸಿ ಎರಡು ಮೂರು ಸಲ ಎಳೆದು ಒರಟು ಅಂಚನ್ನು ತೆಗೆದರೆ ಮುಗಿಯಿತು. ಹಲ್ಲುಬಾಯಿಯ ಚಾಕುವಿನ ಹಲ್ಲಿಲ್ಲದ ಬದಿಗೂ ಇದೇ ಕ್ರಮ. ಹಳೆಯ ಚರ್ಮದ ಬೆಲ್ಟನ್ನು ಅದೇ ಕೋಲಿಗೆ ಸುತ್ತಿ, ಲೋಹಕ್ಕೆ ಹೊಳಪು ಕೊಡುವ ಹಸಿರು ಪಾಲಿಶ್ ಸವರಿ ಕೊನೆಯ ಸುತ್ತು ಎಳೆಯಿರಿ. ಸಡಿಲ ಸುತಲಿಯ ಮೇಲೆ ಪರೀಕ್ಷಿಸಿ. ಗರಗಸದಂತೆ ಹಿಂದೆ ಮುಂದೆ ಆಡಿಸದೆ ಒಂದೇ ಎಳೆತಕ್ಕೆ ತುಂಡಾದರೆ ಬಾಯಿ ಸರಿಬಂದಿದೆ.

ಬೀದಿಯಲ್ಲಿ ಸೈಕಲ್ ತುಳಿದು ಸಾಣೆ ಹಿಡಿಯುವವರಿಗೆ ಕೊಡಬಾರದೆಂದಲ್ಲ. ಆದರೆ ಚಕ್ರದ ಬಿಸಿಗೆ ತೆಳುವಾದ ಮೊನೆ ನೀಲಿಯಾದರೆ ಉಕ್ಕಿನ ಹದ ಹೋಯಿತು. ಆಮೇಲೆ ಎಷ್ಟು ಮಸೆದರೂ ಹರಿತ ನಿಲ್ಲದು.

ಪ್ರಶ್ನೆ: ಮರದ ಹಿಡಿಯ, ಸುತ್ತುಬಳೆ ಲಾಕಿನ, ಓಪಿನೆಲ್ ಕಂಪನಿಯ ಚಾಕು ಮಳೆಗಾಲ ಬಂತೆಂದರೆ ತೆರೆಯುವುದೇ ಇಲ್ಲ. ಕೆಟ್ಟುಹೋಗಿದೆಯೇ? (ಬೊರಿವಲಿ)

ಇಲ್ಲ, ಮರ ತೇವ ಹೀರಿ ಉಬ್ಬಿ ಅಲಗನ್ನು ಅವುಚಿಕೊಂಡಿದೆ. ಇಕ್ಕಳದಿಂದ ಕೀಳಬೇಡಿ. ಬಳೆಯನ್ನು ತಿರುಗಿಸಿ ಲಾಕ್ ಬಿಡಿಸಿ, ಹಿಡಿಯ ಹಿಂತುದಿಯನ್ನು ಮೇಜಿನ ಅಂಚಿಗೆ ಕುಟ್ಟಿದರೆ ಅಲಗು ಸ್ವಲ್ಪ ಮೇಲೇಳುತ್ತದೆ. ಆಗ ಉಗುರಿಗೆ ಸಿಗುತ್ತದೆ. ಫ್ಯಾನಿನ ಕೆಳಗೆ ಎರಡು ಮೂರು ದಿನ ಒಣಗಲಿ. ಬಿಸಿಲಿಗೂ ಒಲೆಗೂ ಇಟ್ಟರೆ ಹಿಡಿ ಸೀಳುತ್ತದೆ. ಒಣಗಿದ ಮೇಲೆ ಹಿಡಿಯಲ್ಲಿ ಅಲಗು ಕೂರುವ ಸೀಳಿನ ಒಳಬದಿಯನ್ನು 220ರ ಕಾಗದದಿಂದ ಚೂರು ಉಜ್ಜಿ, ಅಗಸೆ ಎಣ್ಣೆ ತೆಳುವಾಗಿ ಹಚ್ಚಿ. ಆ ಎಣ್ಣೆಬಟ್ಟೆಯನ್ನು ಮುದ್ದೆ ಮಾಡಿ ಬಿಸಾಡಬೇಡಿ, ತಾನಾಗಿ ಕಾವೇರಿ ಹೊತ್ತಿಕೊಳ್ಳಬಹುದು, ಹರಡಿ ಒಣಗಿಸಿ. ಕೀಲಿಗೆ ಹೊಲಿಗೆಯಂತ್ರದ ಎಣ್ಣೆ ಒಂದು ತೊಟ್ಟು. ತೆಂಗಿನೆಣ್ಣೆ ಕೀಲಿನೊಳಗೆ ಅಂಟಾಗುತ್ತದೆ.

ಪ್ರಶ್ನೆ: ಮೊನೆ ಸಿಕ್ಕಿಕೊಂಡಾಗ ಅಲಗು ಮಡಚಿ ಬೆರಳು ಕೊಯ್ದಿತು. (ವಾಸ್ಕೊ)

ಎಳೆಯುವಾಗ ಒತ್ತಡ ಅಲಗನ್ನು ತೆರೆಯುವ ಕಡೆಗೇ ಇರುತ್ತದೆ, ಅದಕ್ಕೇ ಎಲ್ಲ ಸರಿಯಿದೆ ಅನ್ನಿಸುತ್ತದೆ. ಸಿಕ್ಕ ಮೊನೆಯನ್ನು ಅಲುಗಾಡಿಸಿ ಹಿಂದಕ್ಕೆ ದೂಡಿದಾಗ ಒತ್ತಡ ಮಡಚುವ ಕಡೆಗೆ ತಿರುಗುತ್ತದೆ. ಲಾಕ್ ಇಲ್ಲದ, ಬರೀ ಸ್ಪ್ರಿಂಗಿನ ಚಾಕು ಈ ಕೆಲಸಕ್ಕೆ ಬೇಡ.

ಪ್ರಶ್ನೆ: ಜೇಬಿನಲ್ಲಿ ಇಟ್ಟುಕೊಂಡು ಲೋಕಲ್‌ನಲ್ಲಿ ಓಡಾಡಬಹುದೇ? (ದಾದರ್)

2016ರ ಶಸ್ತ್ರಾಸ್ತ್ರ ನಿಯಮಗಳು ಹೆಸರಿಸುವುದು 9 ಇಂಚಿಗಿಂತ ಉದ್ದ ಅಥವಾ 2 ಇಂಚಿಗಿಂತ ಅಗಲದ ಅಲಗುಗಳನ್ನು. ಮನೆ, ಕೃಷಿ, ಕೈಗಾರಿಕೆಯ ಬಳಕೆಗೆ ಮಾಡಿದವಕ್ಕೆ ವಿನಾಯಿತಿಯಿದೆ. ಅಷ್ಟಕ್ಕೆ ನಿರಾಳರಾಗಬೇಡಿ. ಮಹಾರಾಷ್ಟ್ರ ಪೊಲೀಸ್ ಕಾಯ್ದೆ 1951ರ ಕಲಂ 37(1)ರಡಿ ಮುಂಬೈ, ಪುಣೆ ಪೊಲೀಸರು ಆಗಾಗ ನಿಷೇಧಾಜ್ಞೆ ಹೊರಡಿಸುತ್ತಾರೆ, ಅವುಗಳಲ್ಲಿ ಚಾಕುವೂ ಸೇರುತ್ತದೆ. ಕೆಲಸದ ಪೆಟ್ಟಿಗೆಯಲ್ಲಿ, ಇತರ ಸಲಕರಣೆಗಳ ಜೊತೆಗಿರಲಿ. ಬಟನ್ ಒತ್ತಿದರೆ ಚಿಮ್ಮುವಂಥದ್ದನ್ನು ಕೊಳ್ಳಲೇಬೇಡಿ. ವಿಮಾನದಲ್ಲಾದರೆ ಚೆಕ್‌ಇನ್ ಬ್ಯಾಗಿನಲ್ಲಿ ಮಾತ್ರ.

ಪ್ರಶ್ನೆ: ಗೇರು ಕಸಿಗೆ ಇದೇ ಚಾಕು ಸಾಕೇ? (ಸಾಂಗೆ)

ಸಾಲದು. ಮೃದುಕಾಂಡ ಕಸಿಯಲ್ಲಿ ಕುಡಿಯ ಬುಡವನ್ನು ಬೆಣೆಯಂತೆ ನಯವಾಗಿ ಹೆರೆಯಬೇಕು. ಬಾಗಿದ ಬಾಯಿ ಅದನ್ನು ತಗ್ಗಾಗಿಸುತ್ತದೆ, ಸೀಳಿಗೆ ಕೂರಿಸಿದಾಗ ನಡುವೆ ಗಾಳಿ ಉಳಿದು ಕುಡಿ ಒಣಗುತ್ತದೆ. ಅದಕ್ಕೆ ನೇರ ಅಲಗಿನ ಕಸಿಚಾಕು ಬೇರೆಯೇ ಇರಲಿ. ಬಾಗಿದ್ದು ಬೆರಳುಗಾತ್ರದವರೆಗಿನ ಹಸಿ ರೆಂಬೆ ಸವರಲು ಸರಿ. ಗೇರುಹಣ್ಣಿನ ರಸ ತಾಗಿದರೆ ಕಾರ್ಬನ್ ಉಕ್ಕು ಬೇಗ ಕಪ್ಪಾಗುತ್ತದೆ, ಅಲ್ಲೇ ತೊಳೆದು ಒರೆಸಿ.