25 ಲಕ್ಷ ಸಾಲ ಮಾಡಿ ಹುಬ್ಬಳ್ಳಿಯಲ್ಲಿ ಬಾಡಿಗೆಗೆ ಮನೆ ಕೊಳ್ಳಬಹುದಾ?

ಕೈಯಲ್ಲಿ 15 ಲಕ್ಷ ಇದೆ, ಇನ್ನು 25 ಲಕ್ಷ ಸಾಲ ಮಾಡಿ ಹುಬ್ಬಳ್ಳಿ-ಧಾರವಾಡದಲ್ಲಿ ಮನೆ ಕೊಂಡರೆ ಬಾಡಿಗೆಯಲ್ಲೇ ಕಂತು ತೀರುತ್ತದಾ ಅಂತ ಕೇಳಿದ್ದೀರಿ. ತೀರುವುದಿಲ್ಲ. ಬಹಳ ಜನ ಎಡವುವುದು ಇಲ್ಲೇ, ಅದಕ್ಕೆ ಮೊದಲೇ ಹೇಳಿಬಿಟ್ಟೆ.

ಶೇ 8.5ರ ಬಡ್ಡಿಯಲ್ಲಿ 25 ಲಕ್ಷಕ್ಕೆ 20 ವರ್ಷದ ಕಂತು ತಿಂಗಳಿಗೆ ಹತ್ತಿರ ಹತ್ತಿರ 21,700 ರೂಪಾಯಿ. ಆ ಮನೆಗೆ 11,000 ಬಾಡಿಗೆ ಬಂತು ಅಂತ ಹಿಡಿಯಿರಿ. ಅದನ್ನು ಹನ್ನೆರಡರಿಂದ ಗುಣಿಸಬೇಡಿ, ಹನ್ನೊಂದರಿಂದ ಗುಣಿಸಿ. ಒಬ್ಬರು ಬಿಟ್ಟು ಇನ್ನೊಬ್ಬರು ಬರುವುದರೊಳಗೆ ಸುಣ್ಣ ಬಣ್ಣ, ನಳ ರಿಪೇರಿ ಅಂತ ಒಂದು ತಿಂಗಳು ಹೋಗಿಬಿಡುತ್ತದೆ. ಆ 1,21,000ದಲ್ಲಿ ಮನೆ ತೆರಿಗೆ, ರಿಪೇರಿಗೆ 20,000 ತೆಗೆದರೆ ಉಳಿಯುವುದು ಲಕ್ಷ ಚಿಲ್ಲರೆ. 40 ಲಕ್ಷಕ್ಕೆ ಅದು ಶೇ 2.5 ಅಷ್ಟೇ.

ಇನ್ನು ನೀರು. ನಮ್ಮಲ್ಲಿ ಮನೆ ನೋಡುವವರು ಟೈಲ್ಸ್, ವಾಸ್ತು ಎಲ್ಲ ನೋಡುತ್ತಾರೆ, ಸಂಪಿನ ಮುಚ್ಚಳ ಮಾತ್ರ ಎತ್ತುವುದಿಲ್ಲ. ನಾನೂ ಎತ್ತಿರಲಿಲ್ಲ. ಆಗಸ್ಟ್‌ನಲ್ಲಿ ಕೊಂಡೆ, ಮಳೆಗಾಲ, ಎಲ್ಲ ಚೆನ್ನಾಗಿತ್ತು. ಕೆಳಗೊಂದು ಮೇಲೊಂದು ಸಂಸಾರ, ಇಬ್ಬರಿಗೂ ಸೇರಿ ಒಂದೇ ಸಣ್ಣ ಸಂಪು. ಏಪ್ರಿಲ್‌ನಲ್ಲಿ ಮೇಲಿನ ಮನೆಯವರು ಫೋನ್ ಮಾಡಿ, ‘ಅಣ್ಣಾರ, ಒಂದ್ಸಲ ಬಂದು ನೋಡ್ರಿ’ ಅಂದರು. ಹೋದೆ. ಆ ತಾಯಿ ಮುಚ್ಚಳ ಸರಿಸಿ ಒಂದು ಕೋಲು ಇಳಿಸಿ ತೆಗೆದರು. ತುದಿಯಲ್ಲಿ ನಾಲ್ಕು ಬೆರಳಷ್ಟು ಮಾತ್ರ ಒದ್ದೆ. ‘ನಳ ಬರಾಕ ಇನ್ನೂ ಮೂರು ದಿನ ಐತ್ರಿ’ ಅಂದರು. ಸೊಂಟದ ಮೇಲೆ ಕೂಸು. ಮುಂದಿನ ತಿಂಗಳು ಅವರು ಮನೆ ಬಿಟ್ಟರು, ಹೋಗಬೇಡಿ ಅನ್ನಲು ನನಗೆ ಬಾಯಿ ಬರಲಿಲ್ಲ. ಎರಡು ತಿಂಗಳು ಮನೆ ಖಾಲಿ ಬಿತ್ತು. ಆಮೇಲೆ ಇನ್ನೊಂದು ಸಂಪು ತೋಡಿಸಿದೆ, ಇಬ್ಬರಿಗೂ ಬೇರೆ ಬೇರೆ ಮೋಟರ್ ಹಾಕಿಸಿದೆ. ಈಗಿರುವವರು ಬಂದು ಐದು ವರ್ಷ ಆಯಿತು. ಗದಗಿನ ಕಡೆ ನೋಡುವುದಾದರೆ ನೀರಿನ ವಿಷಯ ಇನ್ನೂ ಜಾಸ್ತಿ ವಿಚಾರಿಸಿ. ಹಾಂ, ಹೆಸ್ಕಾಂ ಮೀಟರೂ ಬೇರೆ ಬೇರೆ ಇರಲಿ. ಕರೆಂಟ್ ಬಿಲ್ ಹಂಚಿಕೊಳ್ಳುವಲ್ಲೇ ಜಗಳ ಶುರುವಾಗುವುದು.

ಧಾರವಾಡದ ಸಪ್ತಾಪುರದಲ್ಲಿ ಪರೀಕ್ಷೆಗೆ ಓದುವ ಹುಡುಗರಿಗೆ ರೂಮು ಕೊಡುವುದು ಒಳ್ಳೆಯದಲ್ವಾ ಅಂತಲೂ ಕೇಳಿದ್ದೀರಿ. ಬೇಗ ತುಂಬುತ್ತವೆ, ಆದರೆ ಪರೀಕ್ಷೆ ಮುಗಿದರೆ ಅಷ್ಟೇ ಬೇಗ ಖಾಲಿಯಾಗುತ್ತವೆ. ದಿನಾ ಅಲ್ಲಿ ನಿಂತು ನೋಡಿಕೊಳ್ಳುವವರು ಬೇಕು. ಮೊದಲ ಸಲಕ್ಕೆ ಸಂಸಾರಸ್ಥರಿಗೆ ಆಗುವ ಮನೆಯೇ ವಾಸಿ.

ಅಗ್ಗಕ್ಕೆ ಸಿಗುತ್ತದೆ ಅಂತ ಎನ್‌ಎ ಆಗದ, ಅಂದರೆ ಹೊಲವನ್ನು ಮನೆ ಜಾಗ ಅಂತ ಬದಲಾಯಿಸದೆ ಗುಂಟೆ ಲೆಕ್ಕದಲ್ಲಿ ಮಾರಿದ ಪ್ಲಾಟಿನ ಮನೆಗೆ ಮಾತ್ರ ಕೈ ಹಾಕಬೇಡಿ. ನಾಳೆ ಮಾರಲು ಹೋದಾಗ ಕೊಳ್ಳುವವರಿಗೆ ಬ್ಯಾಂಕ್ ಸಾಲ ಸಿಗುವುದು ಕಷ್ಟ. ಆಸ್ತಿಯ ಉತಾರ, ಇ-ಖಾತೆ, 30 ವರ್ಷದ ಇಸಿ (ಆಸ್ತಿ ಮೇಲಿನ ಸಾಲ, ಮಾರಾಟದ ವಿವರ ತೋರಿಸುವ ಪತ್ರ) ತೆಗೆಸಿ ನಿಮ್ಮದೇ ವಕೀಲರಿಗೆ ತೋರಿಸಿ, ಮಾರುವವರು ಕರೆದುಕೊಂಡು ಬಂದ ವಕೀಲರಿಗಲ್ಲ.

ನನ್ನ ಕೇಳಿದರೆ ಸಾಲ 10 ಲಕ್ಷಕ್ಕೆ ನಿಲ್ಲಿಸಿ, 25 ಲಕ್ಷದೊಳಗೆ ಹಳೆಯದಾದರೂ ಗಟ್ಟಿಯಾದ ಮನೆ ಹುಡುಕಿ. ಕಂತು 8,700ರ ಆಸುಪಾಸು ಬರುತ್ತದೆ. ಎರಡು ತಿಂಗಳು ಬಾಡಿಗೆ ಬರದಿದ್ದರೂ ಸಂಬಳದಲ್ಲಿ ತೂಗಿಸಬಹುದು. ನೋಡಲು ಮೇ ತಿಂಗಳಲ್ಲಿ ಹೋಗಿ, ಕೊನೆಯ ಸಲ ನಳ ಯಾವತ್ತು ಬಂತು ಅಂತ ಪಕ್ಕದ ಮನೆಯವರನ್ನು ಕೇಳಿ.