ಪತ್ತನಾಜೆ ಕಳೆಯಲಿ

“ನಾನು ಊರಲ್ಲಿಲ್ಲದಾಗ ಮನೆ ನೋಡಿಕೊಳ್ಳಬೇಕಾದವನು ನೀನು.” ಅಪ್ಪ ಹೀಗೆ ಹೇಳಿ ಹೋದರು ಎಂದು, ಆಪ್ತ ಸಮಾಲೋಚನೆಗೆ ಬಂದು ನನ್ನೆದುರು ಕುಳಿತು ಹೇಳಿದವರಲ್ಲಿ ಲಾರಿ ಚಾಲಕರ ಮಕ್ಕಳಿದ್ದಾರೆ, ಸೈನಿಕರ ಮಕ್ಕಳಿದ್ದಾರೆ, ಮಸ್ಕತ್ತಿಗೋ ದುಬೈಗೋ ಹೋದವರ ಮಕ್ಕಳಿದ್ದಾರೆ. ಹೇಳುವಾಗ ಅವರಿಗೆ ನಲವತ್ತೋ ಐವತ್ತೋ ವಯಸ್ಸು. ಕೇಳಿಸಿಕೊಂಡಾಗ ಹತ್ತೋ ಹನ್ನೊಂದೋ. ಆದರೆ ಈ ಪ್ರಕರಣವನ್ನು ಬರೆಯುವುದಕ್ಕೆ ಅದೊಂದೇ ಕಾರಣವಲ್ಲ. ಇದರಲ್ಲಿ ನಾನು ಎಡವಿದ್ದೆ, ಎಡವಿದ್ದನ್ನು ಎದುರಿಗೆ ಕುಳಿತವರೇ ತೋರಿಸಿಕೊಟ್ಟರು. ಅವರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ಗುರುತು ಸಿಗುವಂಥ ವಿವರಗಳನ್ನು ಬದಲಿಸಿದ್ದೇನೆ. ಹೆಸರು ಸದಾಶಿವ ಎಂದಿಟ್ಟುಕೊಳ್ಳೋಣ.

ಸದಾಶಿವರಿಗೆ 52 ವರ್ಷ. ಬ್ಯಾಂಕೊಂದರ ತಪಾಸಣಾ ವಿಭಾಗದಲ್ಲಿದ್ದಾರೆ. ತಿಂಗಳಲ್ಲಿ ಇಪ್ಪತ್ತು ದಿನ ಯಾವುದೋ ಊರಿನ ಶಾಖೆ, ಯಾವುದೋ ಲಾಡ್ಜು. ಹದಿನಾಲ್ಕು ವರ್ಷದ ಮಗ ಫೋನಿನಲ್ಲಿ ‘ಹೂಂ’ ಬಿಟ್ಟು ಬೇರೆ ಮಾತಾಡುವುದನ್ನು ನಿಲ್ಲಿಸಿದ್ದಾನೆ ಎಂದು ಹೆಂಡತಿಯೇ ಇವರನ್ನು ನನ್ನಲ್ಲಿಗೆ ಕಳಿಸಿದ್ದರು. ಇವರ ದೂರು ಬೇರೆ: ಹುಡುಗನಿಗೆ ಜವಾಬ್ದಾರಿ ಎಂಬುದೇ ಇಲ್ಲ. ದಿನವೂ ಫೋನಿನಲ್ಲಿ ಏನು ಕೇಳುತ್ತೀರಿ ಎಂದೆ. “ಅಮ್ಮನನ್ನು ಸರಿಯಾಗಿ ನೋಡಿಕೊಳ್ಳುತ್ತಿದ್ದೀಯಾ ಎಂದು ಕೇಳುತ್ತೇನೆ ಮೇಡಂ. ಇನ್ನೇನು ಕೇಳಬೇಕು?”

ಮೂರನೆಯ ಭೇಟಿಗೆ ಪ್ಲಾಸ್ಟಿಕ್ ಹೊದಿಕೆಯೊಳಗೆ ಒಂದು ಇನ್‌ಲ್ಯಾಂಡ್ ಕಾಗದ ತಂದರು. ತಾಯಿ ತೀರಿಕೊಂಡ ಮೇಲೆ ಅವರ ಟ್ರಂಕು ಖಾಲಿ ಮಾಡುವಾಗ ಸೀರೆಗಳ ಅಡಿಯಲ್ಲಿ ಸಿಕ್ಕಿತ್ತಂತೆ. ನೀಲಿ ಬಣ್ಣ ಮಾಸಿ ಬೂದಿಯಾಗಿತ್ತು. ಮಡಿಕೆಗಳು ಸವೆದು ಹರಿದಿದ್ದರಿಂದ ನಡುವಿನ ಒಂದಿಡೀ ಸಾಲು ಅರ್ಧಂಬರ್ಧ ಕಾಣುತ್ತಿತ್ತು. ಜನವರಿ 1984. ಆಗ ಇವರಿಗೆ ಹನ್ನೊಂದು. “ಇದನ್ನು ಮಗನಿಗೆ ಓದಿಸಬೇಕೆಂದಿದ್ದೇನೆ. ಅವನ ವಯಸ್ಸಿಗಿಂತ ಮೂರು ವರ್ಷ ಚಿಕ್ಕವನಿದ್ದಾಗ ನಾನು ಏನೇನು ಹೊತ್ತಿದ್ದೆ ಎಂದು ಅವನಿಗೂ ಗೊತ್ತಾಗಲಿ.”

ತಂದೆ ಯಕ್ಷಗಾನದ ಬಣ್ಣದ ವೇಷಧಾರಿ, ಟೆಂಟ್ ಮೇಳದಲ್ಲಿದ್ದವರು. ದಕ್ಷಿಣ ಕನ್ನಡದವರಿಗೆ ಇಷ್ಟು ಸಾಕು. ಉಳಿದವರಿಗಾಗಿ: ಬಣ್ಣದ ವೇಷ ಎಂದರೆ ರಾಕ್ಷಸ ಪಾತ್ರ, ಟೆಂಟ್ ಮೇಳ ಎಂದರೆ ಊರೂರಲ್ಲಿ ಡೇರೆ ಹಾಕಿ ಟಿಕೆಟಿಟ್ಟು ಆಡುವ ತಂಡ. ದೀಪಾವಳಿಯ ಸುಮಾರಿಗೆ ಹೊರಟ ಮೇಳದ ತಿರುಗಾಟ ಮುಗಿಯುವುದು ಪತ್ತನಾಜೆಗೆ, ಅಂದರೆ ತುಳುವರ ಬೇಶ್ಯ ತಿಂಗಳ ಹತ್ತನೆಯ ದಿನ, ಮೇ 24ರ ಆಸುಪಾಸು. ಅಂದು ಗೆಜ್ಜೆ ಬಿಚ್ಚುತ್ತಾರೆ. ನಡುವಿನ ಆರು ತಿಂಗಳು ಆಗ ರಾತ್ರಿಯಿಡೀ ಆಟ (ಯಕ್ಷಗಾನ ಪ್ರದರ್ಶನ), ಹಗಲು ನಿದ್ದೆ, ಮತ್ತೆ ಮುಂದಿನ ಊರು. ಆ ಊರಿಗೆ ಮೇಳದವರ ಭಾಷೆಯಲ್ಲಿ ‘ಕ್ಯಾಂಪ್’ ಎಂದೇ ಹೆಸರು. ಸಂಬಳದ ಒಂದು ಪಾಲು ಮೊದಲೇ ಮುಂಗಡವಾಗಿ ಕರಗಿರುತ್ತಿತ್ತು. ಊರಿನ ಅಂಗಡಿಯ ಸಾಲ ತಿರುಗಾಟದ ಕೊನೆಗೆ ತೀರುತ್ತಿತ್ತು, ತೀರಿದರೆ.

ಕಾಗದದ ಮೇಲ್ತುದಿಯಲ್ಲಿ ‘ಶ್ರೀ’, ಅದರಡಿ ‘ಕ್ಷೇಮ’. ಚಿರಂಜೀವಿಗೆ ಆಶೀರ್ವಾದಗಳು, ನಿನ್ನ ಕಾಗದ ಮುಟ್ಟಿತು. ಆಮೇಲೆ ಉಸಿರು ಬಿಡದೆ ಐದಾರು ಅಪ್ಪಣೆಗಳು. ಅಜ್ಜಿಯ ಮಾತ್ರೆ ತಪ್ಪಿಸಬೇಡ. ಸೀಮೆಎಣ್ಣೆ ಬಂದ ದಿನವೇ ರೇಷನ್ ಅಂಗಡಿಗೆ ಹೋಗು. ದಿನಸಿ ಅಂಗಡಿಯವರು ಕೇಳಿದರೆ ಪತ್ತನಾಜೆ ಕಳೆಯಲಿ, ಕೊಡುತ್ತೇವೆ ಎಂದು ಹೇಳು. ಅಮ್ಮನಿಗೆ ಬೇಸರವಾಗದಂತೆ ನೋಡಿಕೋ. ನಾನಿಲ್ಲದಾಗ ಮನೆಗೆ ನೀನೇ ಗಂಡುದಿಕ್ಕು. ಉಳಿದ ಅರ್ಧ ಪುಟದಲ್ಲಿ ಹದಿನೈದು ದಿನದ ಕ್ಯಾಂಪ್ ಪಟ್ಟಿ: ತಾರೀಕು, ಎದುರಿಗೆ ಊರು. ಉಪ್ಪಿನಂಗಡಿ, ವಿಟ್ಲ, ಕಲ್ಲಡ್ಕ, ಮೂಡುಬಿದಿರೆ, ಕಾರ್ಕಳ, ಹೀಗೆ. ಒಂದು ಊರಿನ ಕೆಳಗೆ ಮಾತ್ರ ಎರಡು ಗೆರೆ.

ಆ ಎರಡು ಗೆರೆ ಕಂಡದ್ದೇ ನನಗೆ ನಿಧಿ ಸಿಕ್ಕಂತಾಯಿತು. ಇದು ಯಾವ ಊರು ಎಂದು ಕೇಳಿದೆ. ಅವರ ಮನೆಯಿಂದ ಎರಡೂವರೆ ಮೈಲಿಯಂತೆ. ನೋಡಿ, ನಿಮ್ಮ ತಂದೆ ಎಲ್ಲಿ ಸಿಗುತ್ತೇನೆಂದು ದಿನದಿನಕ್ಕೂ ಬರೆದುಕೊಟ್ಟಿದ್ದಾರೆ, ಹತ್ತಿರ ಬಂದಾಗ ಬಾ ಎಂದು ಗೆರೆ ಎಳೆದಿದ್ದಾರೆ ಎಂದೆ. ಅಷ್ಟಕ್ಕೇ ಬಿಟ್ಟಿದ್ದರೆ ಆಗುತ್ತಿತ್ತು. ಅಂದಿನ ಕಾಗದ ಒಬ್ಬರಿಗೆ ಬರೆದದ್ದಲ್ಲ, ಜಗಲಿಯಲ್ಲಿ ಕುಳಿತು ಅಜ್ಜಿಗೆ ಓದಿ ಹೇಳುವಂಥದ್ದು, ಹಾಗಾಗಿ ಪ್ರೀತಿಯನ್ನು ಬಿಡಿಸಿ ಬರೆಯುವ ಕ್ರಮವೇ ಇರಲಿಲ್ಲ, ಅದು ಈ ಪಟ್ಟಿಯೊಳಗೇ ಇದೆ ಎಂದು ಉಪನ್ಯಾಸವನ್ನೇ ಕೊಟ್ಟೆ. ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಈಗಲೂ ಹಾಗೆಯೇ ನಂಬುತ್ತೇನೆ. ಆದರೂ ಆ ಹೊತ್ತಿಗೆ ಅದು ಹೇಳಬೇಕಾದ ಮಾತಾಗಿರಲಿಲ್ಲ.

ಸದಾಶಿವರು ಕಾಗದವನ್ನು ಹೊದಿಕೆಯೊಳಗೆ ಸೇರಿಸಿದರು. “ಆ ಆಟಕ್ಕೆ ಹೋಗಿದ್ದೆ ಮೇಡಂ” ಎಂದರು.

ಮಾವನ ಜತೆ, ತೆಂಗಿನ ಗರಿಯ ಸೂಟೆ (ಪಂಜು) ಹಿಡಿದು, ಗದ್ದೆಯ ಬದುವಿನಲ್ಲಿ ನಡೆದು ಹೋಗಿದ್ದರು. ವೇಷಧಾರಿಗಳು ಬಣ್ಣ ಹಚ್ಚಿಕೊಳ್ಳುವ ಚೌಕಿಯೊಳಗೆ ಬಿಟ್ಟರು. ಸಾಲಾಗಿ ಇಟ್ಟ ಪೆಟ್ಟಿಗೆಗಳ ಮುಂದೆ ಕನ್ನಡಿ ಹಿಡಿದು ಕುಳಿತವರಲ್ಲಿ ಅಪ್ಪ ಯಾರೆಂದು ಇವರಿಗೆ ಮೊದಲು ತಿಳಿಯಲೇ ಇಲ್ಲ. ಚುಟ್ಟಿ ಇಡುತ್ತಿದ್ದರು. ಬಣ್ಣದ ವೇಷಕ್ಕೆ ಅಕ್ಕಿಹಿಟ್ಟು, ಸುಣ್ಣ ಕಲಸಿದ ಸಣ್ಣ ಸಣ್ಣ ಮುಳ್ಳುಗಳನ್ನು ಮುಖದ ಮೇಲೆ ಸಾಲಾಗಿ ಎಬ್ಬಿಸುತ್ತಾರೆ. ಗಂಟೆಗಟ್ಟಲೆ ಹಿಡಿಯುವ ಕೆಲಸ. ಮುಖ ಅಲುಗಿದರೆ ಬಿರುಕು ಬಿಡುತ್ತದೆ, ನಗುವಂತಿಲ್ಲ, ಮಾತಾಡುವಂತಿಲ್ಲ. ಅಪ್ಪ ಕನ್ನಡಿಯೊಳಗಿನಿಂದಲೇ ಇವರನ್ನು ನೋಡಿದರು. ಒಂದು ಬೆರಳಿನಿಂದ ಪೆಟ್ಟಿಗೆ ತೋರಿಸಿದರು, ಕುಳಿತುಕೋ ಎಂದು.

“ಅಂಗಡಿಯವರು ನಿನ್ನೆ ಎಲ್ಲರ ಎದುರು ಬೈದರು ಎಂದು ಹೇಳಲಿಕ್ಕೆ ಹೋಗಿದ್ದೆ. ದಾರಿಯುದ್ದಕ್ಕೂ ಆ ಮಾತನ್ನೇ ಜೋಡಿಸಿಕೊಂಡಿದ್ದೆ. ಪೆಟ್ಟಿಗೆಯ ಮೇಲೆ ಕುಳಿತೆ. ಅಲ್ಲೇ ನಿದ್ದೆ ಬಂತು. ರಾಳದ ಬೆಂಕಿ ಎದ್ದಾಗ ಎಚ್ಚರವಾಯಿತು, ಅಷ್ಟು ಹೊತ್ತಿಗೆ ಅಪ್ಪ ರಂಗಸ್ಥಳದಲ್ಲಿ ಅಬ್ಬರಿಸುತ್ತಿದ್ದರು. ಬೆಳಗಿನ ಜಾವ ಮಾವ ಎಬ್ಬಿಸಿ ಕರೆದುಕೊಂಡು ಬಂದರು. ಚುಟ್ಟಿ ಇಟ್ಟವರು ಮಾತಾಡುವುದಿಲ್ಲ ಎಂಬುದು ನನಗೂ ಗೊತ್ತಿತ್ತು ಮೇಡಂ. ಗೊತ್ತಿದ್ದ ಮಾತ್ರಕ್ಕೆ ಹೇಳಬೇಕಾದ ಮಾತು ಹೊಟ್ಟೆಯಲ್ಲಿ ಕರಗುತ್ತದೆಯೇ? ನೀವು ಅಪ್ಪನ ಪರ ವಕಾಲತ್ತು ಹಾಕುತ್ತಿದ್ದೀರಿ. ಆ ಕೆಲಸವನ್ನು ನಲವತ್ತು ವರ್ಷದಿಂದ ನಾನೇ ಮಾಡುತ್ತಿದ್ದೇನೆ.”

ನಾನು ಸುಮ್ಮನಾದೆ. ಸುಮ್ಮನಿರುವುದು ನನ್ನ ವೃತ್ತಿಯ ಕಸುಬು ಎಂದು ಹೇಳಿಕೊಳ್ಳಬಹುದಿತ್ತು. ನಿಜ ಹೇಳಬೇಕೆಂದರೆ ಬಾಯಿಗೆ ಮಾತು ಬರಲಿಲ್ಲ. ತಂದೆಯ ಪ್ರೀತಿಯನ್ನು ಸಾಬೀತುಪಡಿಸಿದರೆ ಮಗನ ಭಾರ ಇಳಿಯುತ್ತದೆ ಎಂದುಕೊಂಡಿದ್ದೆ. ಆಗಿದ್ದು ಅದರ ತಿರುಗುಮುರುಗು. ಅಷ್ಟು ಪ್ರೀತಿ ಇದ್ದ ತಂದೆಯ ಬಗ್ಗೆ ದೂರುವುದೇ ತಪ್ಪಾಗಿ, ಹನ್ನೊಂದರ ಹುಡುಗ ಮತ್ತೆ ಪೆಟ್ಟಿಗೆಯ ಮೇಲೆ ಕೂರಬೇಕಾಯಿತು.

ಸ್ವಲ್ಪ ಹೊತ್ತಿನ ಮೇಲೆ ಒಂದೇ ಪ್ರಶ್ನೆ ಕೇಳಿದೆ: ಅಂಗಡಿಯವರಿಗೆ ಕೊನೆಗೆ ಏನೆಂದು ಹೇಳಿದಿರಿ?

“ಪತ್ತನಾಜೆ ಕಳೆಯಲಿ, ಕೊಡುತ್ತೇವೆ ಎಂದೆ. ಪ್ರತಿ ವಾರ. ಈಗಲೂ ಆಫೀಸಿನಲ್ಲಿ ಯಾರಾದರೂ ದುಡ್ಡಿನ ವಿಷಯಕ್ಕೆ ಧ್ವನಿ ಎತ್ತಿದರೆ ನನಗೆ ಮೊದಲು ನೆನಪಾಗುವುದು ಆ ಅಂಗಡಿಯ ತಕ್ಕಡಿ.” ಇಷ್ಟು ಹೇಳಿ ಅತ್ತರು. ಬ್ಯಾಂಕಿನ ತಪಾಸಣೆಗೆ ಇವರು ಹೇಗೆ ಬಂದರೆಂದು ನಾನು ಕೇಳಲಿಲ್ಲ.

ಮುಂದಿನ ಭೇಟಿಯಲ್ಲಿ ಸಲಹೆ ಕೊಟ್ಟೆ. ಈ ಕಾಗದವನ್ನು ಮಗನಿಗೆ ಈಗ ಓದಿಸಬೇಡಿ. ಹದಿನಾಲ್ಕರ ಹುಡುಗನ ಕೈಗೆ ಅದು ಅಜ್ಜನ ಕಾಗದವಾಗಿ ಮುಟ್ಟುವುದಿಲ್ಲ, ಅಪ್ಪನ ಸಮನ್ಸ್ ಆಗಿ ಮುಟ್ಟುತ್ತದೆ. ಅದರಲ್ಲಿ ಎರಡು ಭಾಗ ಇದೆ, ಅಪ್ಪಣೆ ಮತ್ತು ಪಟ್ಟಿ. ನಲವತ್ತು ವರ್ಷ ನೀವು ಅಪ್ಪಣೆಯನ್ನೇ ಆಸ್ತಿ ಎಂದು ಇಟ್ಟುಕೊಂಡಿರಿ, ಅದನ್ನೇ ದಿನವೂ ಫೋನಿನಲ್ಲಿ ಮಗನಿಗೆ ದಾಟಿಸುತ್ತಿದ್ದೀರಿ. ಇನ್ನು ಮೇಲೆ ಪಟ್ಟಿಯನ್ನು ದಾಟಿಸಿ. ಎಲ್ಲಿರುತ್ತೀರಿ, ಯಾವಾಗ ಬರುತ್ತೀರಿ, ಎಷ್ಟು ಗಂಟೆಯ ಮೇಲೆ ಮಾತಿಗೆ ಸಿಗುತ್ತೀರಿ, ಬರೆದು ಮನೆಯಲ್ಲಿ ಅಂಟಿಸಿ. ‘ಅಮ್ಮನನ್ನು ನೋಡಿಕೋ’ ಎಂಬ ಮಾತು ಬೇಡ. ಅಮ್ಮ ಹೇಗಿದ್ದಾಳೆಂದು ಅಮ್ಮನನ್ನೇ ಕೇಳಿ.

ಇದನ್ನು ಕೇಳಿದ ಸಹೋದ್ಯೋಗಿಯೊಬ್ಬರು, ತಂದೆಯನ್ನು ಕ್ಷಮಿಸಿ ಎಂದು ಏಕೆ ಹೇಳಲಿಲ್ಲ ಎಂದು ಆಕ್ಷೇಪಿಸಿದರು. ಕ್ಷಮೆಯನ್ನು ನಾನು ಚೀಟಿಯಲ್ಲಿ ಬರೆದುಕೊಡುವುದಿಲ್ಲ. ಸದಾಶಿವರು ತಂದೆಯನ್ನು ದ್ವೇಷಿಸಿರಲೂ ಇಲ್ಲ. ಪತ್ತನಾಜೆಯ ಮರುದಿನ ಅಪ್ಪ ಮನೆಯಂಗಳದಲ್ಲಿ ಕೊಪ್ಪರಿಗೆ ಬಿಸಿನೀರಿನಲ್ಲಿ ಮಿಂದು ಇಡೀ ದಿನ ನಿದ್ದೆ ಮಾಡುತ್ತಿದ್ದುದನ್ನು ಹೇಳುವಾಗ ಅವರ ಮುಖ ಅರಳುತ್ತಿತ್ತು. ಬಡತನವಿತ್ತು, ಬೇರೆ ದಾರಿ ಇರಲಿಲ್ಲ, ಎಲ್ಲವೂ ನಿಜ. ತಂದೆ ಬರೆದದ್ದು ಪ್ರೀತಿಯಿಂದಲೇ ಇರಬಹುದು. ಹುಡುಗನಿಗೆ ಅದು ಭಾರವೂ ಆಯಿತು. ಒಂದನ್ನು ಒಪ್ಪಿಕೊಳ್ಳಲು ಇನ್ನೊಂದನ್ನು ಅಳಿಸಬೇಕಾಗಿಲ್ಲ.

ಇನ್ನೊಂದು ಆಕ್ಷೇಪ ಓದುಗರಿಂದ ಬರುತ್ತದೆ, ನನಗೆ ಗೊತ್ತು: ಮಕ್ಕಳಿಗೆ ಕೆಲಸ ಕೊಡುವುದೇ ತಪ್ಪೇ? ಅಲ್ಲವೇ ಅಲ್ಲ. ಸೀಮೆಎಣ್ಣೆ ತರುವುದು ಕೆಲಸ. ಕ್ಯಾನು ತುಂಬಿದರೆ ಮುಗಿಯಿತು, ಹುಡುಗ ಆಟಕ್ಕೆ ಓಡಬಹುದು. ಅಮ್ಮನಿಗೆ ಬೇಸರವಾಗದಂತೆ ನೋಡಿಕೊಳ್ಳುವುದು ಎಂದಾದರೂ ಮುಗಿಯುತ್ತದೆಯೇ? ಸಾಲ ಕೊಟ್ಟವರ ಮುಂದೆ ನಿಲ್ಲುವುದು ದೊಡ್ಡವರ ಪಾಲಿನದು. ಬುಡಾಪೆಸ್ಟ್‌ನಲ್ಲಿ ಹುಟ್ಟಿ ಅಮೆರಿಕದಲ್ಲಿ ಕುಟುಂಬ ಚಿಕಿತ್ಸೆಯನ್ನು ಬೆಳೆಸಿದ ಇವಾನ್ ಬೊಸೊರ್ಮೆನಿ ನಾಜ್, ಮಗು ಮನೆಯವರಿಗೆ ತಂದೆತಾಯಿಯಾಗಬೇಕಾಗಿ ಬರುವ ಈ ಸ್ಥಿತಿಯ ಬಗ್ಗೆ 1970ರ ದಶಕದಲ್ಲೇ ಬರೆದಿದ್ದರು. ಪ್ರತಿ ಕುಟುಂಬದಲ್ಲೂ ಕಣ್ಣಿಗೆ ಕಾಣದ ಜಮಾ ಖರ್ಚಿನ ಪುಸ್ತಕವೊಂದು ಇರುತ್ತದೆ, ಕೊಟ್ಟದ್ದಕ್ಕೆ ಮನ್ನಣೆ ಸಿಗದಿದ್ದರೆ ಬಾಕಿ ಮುಂದಿನ ತಲೆಮಾರಿನ ಹೆಸರಿಗೆ ಹೋಗುತ್ತದೆ ಎಂಬುದು ಅವರ ವಿಚಾರ. ಸದಾಶಿವರಿಗೆ ಇದನ್ನು ಹೇಳಿದಾಗ ಮೊದಲ ಬಾರಿಗೆ ನಕ್ಕರು. “ನಮ್ಮ ಮನೆಯದು ಆಡಿಟ್ಟೇ ಆಗದ ಪುಸ್ತಕ” ಎಂದರು.

ಪಟ್ಟಿ ಅಂಟಿಸಲು ಅವರಿಗೆ ಮುಜುಗರವಿತ್ತು. ಮೊಬೈಲ್ ಇರುವ ಕಾಲದಲ್ಲಿ ಫ್ರಿಜ್ಜಿನ ಮೇಲೆ ಚೀಟಿಯೇ ಎಂದರು. ಆದರೂ ಅಂಟಿಸಿದರು: ದಾವಣಗೆರೆ ನಾಲ್ಕು ದಿನ, ಶಿರಸಿ ಮೂರು ದಿನ, ರಾತ್ರಿ ಎಂಟರ ಮೇಲೆ ಬಿಡುವು. ಎರಡು ತಿಂಗಳಾದ ಮೇಲೆ ಬಂದಾಗ ಮಗನ ಬಗ್ಗೆ ವಿಚಾರಿಸಿದೆ. ಅಂಥ ಬದಲಾವಣೆಯೇನೂ ಇಲ್ಲ, ಅವನು ಪಟ್ಟಿ ಓದುತ್ತಾನೋ ಇಲ್ಲವೋ ತಿಳಿಯದು ಎಂದರು. ಕಳೆದ ಸಲ ಗಡಿಬಿಡಿಯಲ್ಲಿ ಅಂಟಿಸದೆ ಹೊರಟಿದ್ದರಂತೆ. ಬಸ್ಸು ತುಮಕೂರು ದಾಟುವಾಗ ಫೋನ್ ಬಂತು, ಈ ಸಲದ ಪಟ್ಟಿ ಎಲ್ಲಿ ಎಂದು. ಕೇಳಿದ್ದು ಮಗನಲ್ಲ, ಹೆಂಡತಿ.